ಸೋಶಿಯಲ್ ಸೆಕ್ಯುರಿಟಿ ನಮ್ಮ ಪಿಎಫ್ ಥರ ಅಲ್ಲ

ಅಮೆರಿಕಾದಲ್ಲಿರುವ ನಮ್ಮವರು, ಅದರಲ್ಲೂ ಐವತ್ತು ದಾಟಿದವರು, ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ರಿಟೈರ್‌ಮೆಂಟಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಸೋಶಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪಿಂಚಣಿಗೆ. ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಇಷ್ಟು ವರ್ಷ ಕಟ್ಟಿದ್ದೀನಿ, 62 ಆದ ತಕ್ಷಣ ನನ್ನ ದುಡ್ಡು ನಾನು ಕಿತ್ಕೊಂಡು ಬಿಡ್ತೀನಿ, ಆಮೇಲೆ ಸರ್ಕಾರ ದಿವಾಳಿ ಆದ್ರೆ?" ಉಳಿದವರು ತಲೆಯಾಡಿಸುತ್ತಾರೆ. ನನಗೆ ಅಲ್ಲಿ ಸುಮ್ನೆ ಕೂರೋದು ಕಷ್ಟ. ಬಾಯಿ ಹಾಕಿದರೆ ಮಾತು ಉದ್ದವಾಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೊಂದರೆ ಇರುವುದು "ನನ್ನ ದುಡ್ಡು" ಅನ್ನುವಲ್ಲಿ. ನಾವು ಪಿಎಫ್ ನೋಡಿ ಬೆಳೆದವರು. ಅಲ್ಲಿ ನಮ್ಮ ಹೆಸರಿನಲ್ಲಿ ಖಾತೆ, ಅದರಲ್ಲಿ ಇಷ್ಟು ಅಂತ ಬ್ಯಾಲೆನ್ಸ್, ವರ್ಷಕ್ಕೊಮ್ಮೆ ಬಡ್ಡಿ, ಕೆಲಸ ಬಿಡುವಾಗ ಒಂದು ಗಂಟು. ಸೋಶಿಯಲ್ ಸೆಕ್ಯುರಿಟಿಯಲ್ಲಿ ಇದ್ಯಾವುದೂ ಇಲ್ಲ. ನಿಮ್ಮ ಸಂಬಳದಿಂದ ಶೇ. 6.2 ಹೋಗುತ್ತದೆ, ಕಂಪನಿ ಅಷ್ಟನ್ನೇ ಸೇರಿಸುತ್ತದೆ. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಬೇರೆಯಾಗಿ ಶೇ. 1.45, ಕಂಪನಿಯದೂ ಅಷ್ಟೇ. ಸೋಶಿಯಲ್ ಸೆಕ್ಯುರಿಟಿ ಕಡಿತಕ್ಕೆ ವರ್ಷಕ್ಕೊಂದು ಮಿತಿ ಇದೆ, 2025ರಲ್ಲಿ ಅದು 1,76,100 ಡಾಲರ್. ಅದರ ಮೇಲಿನ ಸಂಬಳಕ್ಕೆ ಕಡಿತ ಇಲ್ಲ. ಮೆಡಿಕೇರ್‌ಗೆ ಆ ಮಿತಿ ಇಲ್ಲ. ಜಾಸ್ತಿ ಸಂಬಳದವರಿಗೆ ವರ್ಷದ ಕೊನೆಯ ತಿಂಗಳುಗಳಲ್ಲಿ ಕೈಗೆ ಸ್ವಲ್ಪ ಹೆಚ್ಚು ಬರುತ್ತದಲ್ಲ, ಅದಕ್ಕೆ ಕಾರಣ ಇದು.

ಹಾಗೆ ಹೋದ ದುಡ್ಡು ಎಲ್ಲೂ ನಿಮ್ಮ ಹೆಸರಿನಲ್ಲಿ ಕೂರುವುದಿಲ್ಲ. ಬಂದ ಹಾಗೆಯೇ ಇವತ್ತಿನ ಹಿರಿಯರಿಗೆ ಹೋಗುತ್ತದೆ. ನಿಮ್ಮ ಹೆಸರಿನಲ್ಲಿ ಉಳಿಯುವುದು ಒಂದು ದಾಖಲೆ: ಈ ವರ್ಷ ಇಷ್ಟು ದುಡಿದಿದ್ದಾರೆ. ನೀವು ವಯಸ್ಸಾದಾಗ ಆ ದಾಖಲೆ ನೋಡಿ, ಆಗ ದುಡಿಯುತ್ತಿರುವವರ ಸಂಬಳದಿಂದ ನಿಮಗೆ ಕೊಡುತ್ತಾರೆ.

ಇದು ಮೊದಲಿನಿಂದ ಹೀಗೇ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕಾನೂನಿಗೆ ಸಹಿ ಹಾಕಿದರು, 1937ರಲ್ಲಿ ಕಡಿತ ಶುರುವಾಯಿತು, ತಿಂಗಳ ಪಿಂಚಣಿ 1940ರ ಜನವರಿಯಲ್ಲಿ. ಮೊದಲ ಚೆಕ್ ಸಿಕ್ಕಿದ್ದು ವರ್ಮಾಂಟ್‌ನ ಇಡಾ ಮೇ ಫುಲ್ಲರ್ ಅನ್ನುವ ಮಹಿಳೆಗೆ, 22 ಡಾಲರ್ 54 ಸೆಂಟ್. ಆಕೆ ಮೂರು ವರ್ಷದಲ್ಲಿ ಕಟ್ಟಿದ್ದು ಒಟ್ಟು 24.75 ಡಾಲರ್. ಎರಡನೇ ಚೆಕ್‌ಗೇ ಕಟ್ಟಿದ್ದೆಲ್ಲ ವಾಪಸ್ ಬಂದಾಗಿತ್ತು. ಪುಣ್ಯಾತ್ಗಿತ್ತಿ ನೂರು ವರ್ಷ ಬದುಕಿದರು, 1975ರಲ್ಲಿ ತೀರಿಕೊಳ್ಳುವ ಹೊತ್ತಿಗೆ 22,888.92 ಡಾಲರ್ ಪಡೆದಿದ್ದರು. ಪಿಎಫ್ ಆಗಿದ್ದರೆ ಎರಡೇ ತಿಂಗಳಲ್ಲಿ ಖಾಲಿ.

ಇದರ ಇನ್ನೊಂದು ಮುಖವೂ ಇದೆ, ನಮ್ಮಂಥ ವಲಸೆ ಬಂದವರು ತಿಳಿದಿರಬೇಕಾದದ್ದು. ಎಫ್ರಾಮ್ ನೆಸ್ಟರ್ ಅನ್ನುವವರು 1913ರಲ್ಲಿ ಬಲ್ಗೇರಿಯಾದಿಂದ ಬಂದವರು. ವರ್ಷಗಟ್ಟಲೆ ಕಟ್ಟಿದರು, ಪಿಂಚಣಿಯೂ ಶುರುವಾಯಿತು. 1930ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು ಅಂತ 1956ರಲ್ಲಿ ಅವರನ್ನು ಗಡೀಪಾರು ಮಾಡಿದರು, ಪಿಂಚಣಿಯೂ ನಿಂತಿತು. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. 1960ರಲ್ಲಿ ಐದು-ನಾಲ್ಕರ ತೀರ್ಪು ಬಂತು: ಕಟ್ಟಿದ್ದೀರಿ ಅನ್ನುವ ಕಾರಣಕ್ಕೆ ಇದು ನಿಮ್ಮ ಆಸ್ತಿ ಆಗುವುದಿಲ್ಲ, ಸಂಸತ್ತು ನಿಯಮ ಬದಲಾಯಿಸಬಹುದು. ಆ ತೀರ್ಪು ಇವತ್ತಿಗೂ ನಿಂತಿದೆ. ಕೇಳಿದರೆ ಹೊಟ್ಟೆ ಉರಿಯುತ್ತದೆ, ಆದರೆ ವ್ಯವಸ್ಥೆ ಏನು ಅಂತ ಇದಕ್ಕಿಂತ ನೇರವಾಗಿ ಯಾರೂ ಹೇಳಿಲ್ಲ.

ಸರಿ, ಕೈಗೆ ಎಷ್ಟು ಬರುತ್ತದೆ? ಮೊದಲು 40 ಕ್ರೆಡಿಟ್ ಆಗಬೇಕು. ವರ್ಷಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಿಗುವುದಿಲ್ಲ, ಅಂದರೆ ಕನಿಷ್ಠ ಹತ್ತು ವರ್ಷದ ದುಡಿಮೆ. 2025ರಲ್ಲಿ 1,810 ಡಾಲರ್ ದುಡಿದರೆ ಒಂದು ಕ್ರೆಡಿಟ್, ಹಾಗಾಗಿ ಸಾಫ್ಟ್‌ವೇರ್ ಸಂಬಳದವರಿಗೆ ನಾಲ್ಕೂ ಜನವರಿಯಲ್ಲೇ ಆಗುವಷ್ಟು ದುಡಿಮೆ. ಎಫ್-1 ವೀಸಾದಲ್ಲಿ ಓದುವಾಗ, ಓದು ಮುಗಿಸಿ ಅದೇ ವೀಸಾದ ಮೇಲೆ ಸ್ವಲ್ಪ ಕಾಲ ಕೆಲಸ ಮಾಡುವ ಓಪಿಟಿಯಲ್ಲಿ ಇದ್ದಾಗ, ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ಈ ಕಡಿತ ಇರುವುದಿಲ್ಲ, ಆ ವರ್ಷಗಳು ಕ್ರೆಡಿಟ್‌ಗೂ ಬರುವುದಿಲ್ಲ. ಎಚ್-1ಬಿ ಕೆಲಸದ ವೀಸಾಕ್ಕೆ ಬಂದಮೇಲೆ ಕಡಿತ ಶುರು. ಎಂಟೊಂಬತ್ತು ವರ್ಷ ಕಟ್ಟಿ ಗ್ರೀನ್ ಕಾರ್ಡ್ ಬರದೆ ಊರಿಗೆ ಹೋದವರಿಗೆ ಒಂದು ಪೈಸೆಯೂ ಇಲ್ಲ. ಅಮೆರಿಕಾ ಮೂವತ್ತು ದೇಶಗಳ ಜೊತೆ ಎರಡೂ ಕಡೆಯ ಸೇವೆ ಕೂಡಿಸಿ ಲೆಕ್ಕ ಹಾಕುವ ಒಪ್ಪಂದ ಮಾಡಿಕೊಂಡಿದೆ, ಭಾರತ ಆ ಪಟ್ಟಿಯಲ್ಲಿಲ್ಲ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ, ಅಷ್ಟೆಲ್ಲ ಜನ ಬಂದು ಕಟ್ಟಿ ಹೋಗುತ್ತಿರುವಾಗ. ಒಂದು ಸಮಾಧಾನ, ಸಿಕ್ಕಿದ ಕ್ರೆಡಿಟ್ ಅಳಿದುಹೋಗುವುದಿಲ್ಲ, ಮುಂದೆ ಮತ್ತೆ ಬಂದು ದುಡಿದರೆ ಅಲ್ಲಿಂದಲೇ ಮುಂದುವರಿಯುತ್ತದೆ.

40 ಆದಮೇಲೆ ಲೆಕ್ಕ ಹೀಗೆ. ನಿಮ್ಮ ಹಳೆಯ ಸಂಬಳಗಳನ್ನೆಲ್ಲ ಈಗಿನ ಮಟ್ಟಕ್ಕೆ ಏರಿಸಿ, ಅದರಲ್ಲಿ ಅತಿ ಹೆಚ್ಚು ದುಡಿದ 35 ವರ್ಷ ತೆಗೆದುಕೊಂಡು ತಿಂಗಳ ಸರಾಸರಿ ಹಾಕುತ್ತಾರೆ. 35 ವರ್ಷ ದುಡಿದಿಲ್ಲದಿದ್ದರೆ ಬಾಕಿ ವರ್ಷಗಳಿಗೆ ಸೊನ್ನೆ. ಆಮೇಲೆ ಆ ಸರಾಸರಿಯನ್ನು ಮೂರು ತುಂಡು ಮಾಡುತ್ತಾರೆ. 2025ರಲ್ಲಿ 62 ತುಂಬಿದವರಿಗೆ ಮೊದಲ 1,226 ಡಾಲರ್‌ಗೆ ಶೇ. 90, ಅಲ್ಲಿಂದ 7,391ರ ತನಕ ಶೇ. 32, ಅದರ ಮೇಲೆ ಶೇ. 15.

ನಾನು ಪೆನ್ನು ಹಿಡಿದು ಕೂತು ಲೆಕ್ಕ ಹಾಕಿದಾಗ ಕಣ್ಣು ತೆರೆದದ್ದು ಇಲ್ಲಿ. ತಿಂಗಳಿಗೆ ಹತ್ತು ಸಾವಿರ ಡಾಲರ್ ಲೆಕ್ಕದಲ್ಲಿ ಪೂರ್ತಿ 35 ವರ್ಷ ದುಡಿದವನಿಗೆ ಸುಮಾರು 3,467 ಡಾಲರ್ ಬರುತ್ತದೆ. ಅದೇ ಸಂಬಳದಲ್ಲಿ ಬರೀ 20 ವರ್ಷ ದುಡಿದವನಿಗೆ ಸರಾಸರಿ 5,714ಕ್ಕೆ ಇಳಿಯುತ್ತದೆ, ಪಿಂಚಣಿ ಸುಮಾರು 2,540. ಬರೀ ಹತ್ತು ವರ್ಷ ದುಡಿದವನಿಗೆ? ಸರಾಸರಿ 2,857, ಪಿಂಚಣಿ ಸುಮಾರು 1,625. ನೋಡಿ, ದುಡಿಮೆ ಮೂರೂವರೆ ಪಟ್ಟು ಜಾಸ್ತಿ, ಪಿಂಚಣಿ ಎರಡು ಪಟ್ಟು ಸ್ವಲ್ಪ ಮೇಲೆ ಅಷ್ಟೇ. ಕಡಿಮೆ ದುಡಿದವರಿಗೆ ಹೆಚ್ಚು ಆಸರೆ ಸಿಗಲಿ ಅಂತ ಬೇಕೆಂದೇ ಹೀಗೆ ಮಾಡಿದ್ದು. ತಡವಾಗಿ ಬಂದ, ಜಾಸ್ತಿ ಸಂಬಳದ ನಮ್ಮಂಥವರಿಗೂ ಅದರ ಲಾಭ ತಾನಾಗಿಯೇ ಸಿಗುತ್ತದೆ. "ನಲವತ್ತಕ್ಕೆ ಬಂದೆ, ನನಗೇನು ಸಿಗುತ್ತೆ ಬಿಡಿ" ಅನ್ನುವವರು ಒಮ್ಮೆ ಈ ಲೆಕ್ಕ ಹಾಕಿ ನೋಡಲಿ. ಒಂಬತ್ತು ವರ್ಷಕ್ಕೆ ನಿಂತವನಿಗೂ ಹತ್ತು ಮುಗಿಸಿದವನಿಗೂ ಇರುವ ಅಂತರವೂ ಇದರಲ್ಲೇ ಕಾಣುತ್ತದೆ. ಒಬ್ಬನಿಗೆ ಸೊನ್ನೆ, ಇನ್ನೊಬ್ಬನಿಗೆ ಜೀವಮಾನವಿಡೀ ಪಿಂಚಣಿ.

ಈ ಪೂರ್ತಿ ಮೊತ್ತ ಸಿಗುವುದು 1960 ಅಥವಾ ಆಮೇಲೆ ಹುಟ್ಟಿದವರಿಗೆ 67ಕ್ಕೆ. 62ಕ್ಕೇ ತೆಗೆದುಕೊಂಡರೆ ಶೇ. 30 ಕಡಿಮೆ, ಸಾಯುವ ತನಕ ಹಾಗೇ. 70ರ ತನಕ ತಡೆದರೆ ಶೇ. 24 ಜಾಸ್ತಿ. 67ಕ್ಕೆ 2,000 ಅನ್ನಿ, 62ಕ್ಕೆ 1,400, 70ಕ್ಕೆ 2,480. 62ಕ್ಕೇ ಶುರು ಮಾಡಿದವನು 67ರ ಹೊತ್ತಿಗೆ 84,000 ಪಡೆದಿರುತ್ತಾನೆ. ತಿಂಗಳಿಗೆ 600ರ ವ್ಯತ್ಯಾಸದಲ್ಲಿ 67ಕ್ಕೆ ಶುರು ಮಾಡಿದವನು ಅವನನ್ನು ಹಿಡಿಯಲು 140 ತಿಂಗಳು ಬೇಕು, ಅಂದರೆ ಅಷ್ಟು ಹೊತ್ತಿಗೆ ವಯಸ್ಸು 78 ವರ್ಷ 8 ತಿಂಗಳು. "ಅಷ್ಟು ವರ್ಷ ಯಾರು ಬದುಕ್ತಾರೆ" ಅನ್ನುವುದು ಇಲ್ಲಿ ಬರುವ ಮಾಮೂಲಿ ಮಾತು. ಪಿಎಫ್ ಅಂದುಕೊಂಡರೆ ಆ ಮಾತು ಸರಿ. ಆದರೆ 79ಕ್ಕೆ ಮುಂಚೆ ಹೋದವನಿಗೆ ಆ ದುಡ್ಡಿನ ಅಗತ್ಯವೇ ಇರುವುದಿಲ್ಲವಲ್ಲ! ಭಯ ಇರಬೇಕಾದದ್ದು 92ರ ತನಕ ಬದುಕಿ ಉಳಿತಾಯವೆಲ್ಲ ಕರಗಿಹೋದರೆ ಅನ್ನುವ ಬಗ್ಗೆ. ಆವಾಗ ಕೈ ಹಿಡಿಯುವುದು ಬೆಲೆ ಏರಿಕೆಯ ಜೊತೆ ವರ್ಷವರ್ಷವೂ ಏರುವ ಈ ಒಂದೇ ಆದಾಯ.

ಆರೋಗ್ಯ ಸರಿ ಇಲ್ಲದವರು, ಬೇರೆ ಆದಾಯ ಇಲ್ಲದವರು 62ಕ್ಕೆ ತೆಗೆದುಕೊಳ್ಳಲಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಮನೆಯಲ್ಲಿ ಹೆಂಡತಿ ಎಚ್-4 ಅನ್ನುವ ಅವಲಂಬಿತರ ವೀಸಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಲಾಗದೆ ಕೂತಿದ್ದರೆ ಇನ್ನೊಮ್ಮೆ ಯೋಚಿಸಿ. ಅವರಿಗೆ ತಮ್ಮದೇ 40 ಕ್ರೆಡಿಟ್ ಇಲ್ಲದಿದ್ದರೂ ನಿಮ್ಮ 67ರ ಮೊತ್ತದ ಅರ್ಧದ ತನಕ ಸಿಗುತ್ತದೆ. ನೀವು ಮೊದಲು ಹೋದರೆ ಅವರ ಅರ್ಧ ನಿಂತು ನಿಮ್ಮ ಪೂರ್ತಿ ಮೊತ್ತ ಅವರಿಗೆ ಬರುತ್ತದೆ, ನೀವು 70ರ ತನಕ ತಡೆದು ಹೆಚ್ಚಿಸಿಕೊಂಡದ್ದೂ ಸೇರಿ. ನೀವು ಆತುರಪಟ್ಟು 62ಕ್ಕೆ ತೆಗೆದುಕೊಂಡಿದ್ದರೆ ಅವರಿಗೆ ಬರುವುದೂ ಕಡಿಮೆಯಾಗುತ್ತದೆ. ಗಂಡನಿಗಿಂತ ಐದಾರು ವರ್ಷ ಚಿಕ್ಕವಳಾದ ಹೆಂಡತಿ ಒಬ್ಬಳೇ ಎಷ್ಟು ವರ್ಷ ಇರಬೇಕಾಗಬಹುದು ಅಂತ ಗಂಡಸರು ಯೋಚಿಸುವುದೇ ಇಲ್ಲ. ವಿಚ್ಛೇದನ ಆದವರಿಗೂ, ಮದುವೆ ಹತ್ತು ವರ್ಷ ಉಳಿದಿದ್ದರೆ, ಮಾಜಿ ಸಂಗಾತಿಯ ದಾಖಲೆಯ ಮೇಲೆ ಹಕ್ಕಿರುತ್ತದೆ.

ಇನ್ನು ದಿವಾಳಿಯ ಮಾತು. 1960ರಲ್ಲಿ ಒಬ್ಬ ಪಿಂಚಣಿದಾರನಿಗೆ ಐದು ಜನ ದುಡಿಯುವವರಿದ್ದರು, ಈಗ ಮೂರಕ್ಕಿಂತ ಕಡಿಮೆ. ಹಾಗಾಗಿ ಬರುವುದಕ್ಕಿಂತ ಕೊಡುವುದು ಜಾಸ್ತಿಯಾಗಿದೆ, ಹಿಂದೆ ಕೂಡಿಟ್ಟ ನಿಧಿಯಿಂದ ತೆಗೆದು ತುಂಬುತ್ತಿದ್ದಾರೆ. ನಿಧಿ ನೋಡಿಕೊಳ್ಳುವ ಟ್ರಸ್ಟಿಗಳ 2025ರ ವರದಿ ಪ್ರಕಾರ ಪಿಂಚಣಿ ನಿಧಿ 2033ಕ್ಕೆ ಮುಗಿಯುತ್ತದೆ. ಮುಗಿದರೆ ಪಿಂಚಣಿ ನಿಂತುಹೋಗುತ್ತದೆ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಮೇಲಿನ ಟ್ಯಾಂಕ್ ಖಾಲಿಯಾದರೂ ಬೀದಿ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದಲ್ಲ, ಹಾಗೆ ದುಡಿಯುವವರ ಸಂಬಳದಿಂದ ಕತ್ತರಿಸಿದ ದುಡ್ಡು ಬರುತ್ತಲೇ ಇರುತ್ತದೆ, ಅದರಿಂದ ಪಿಂಚಣಿಯ ಸುಮಾರು ಶೇ. 77 ಕೊಡಬಹುದು. ಶೇ. 23 ಕಡಿತ ಅಂದರೆ ಚಿಕ್ಕದಲ್ಲ, ಆದರೆ ಸೊನ್ನೆಯೂ ಅಲ್ಲ. 1983ರಲ್ಲೂ ನಿಧಿ ಇನ್ನೇನು ಖಾಲಿ ಅನ್ನುವಾಗ ಸಂಸತ್ತು ಎಚ್ಚೆತ್ತು ನಿವೃತ್ತಿ ವಯಸ್ಸನ್ನು ಮೆಲ್ಲಗೆ 67ಕ್ಕೆ ಏರಿಸಿತು, ಪಿಂಚಣಿಗೆ ತೆರಿಗೆಯನ್ನೂ ಹಾಕಿತು. ಆ ತೆರಿಗೆ ಶುರುವಾಗುವ ಮಿತಿ, ಒಬ್ಬರಿಗೆ 25,000, ದಂಪತಿಗೆ 32,000 ಡಾಲರ್, ಅವತ್ತಿನಿಂದ ಇವತ್ತಿನ ತನಕ ಒಂದು ಡಾಲರ್ ಏರಿಲ್ಲ. ಮುಂದೆಯೂ ಇಂಥದ್ದೇ ಏನೋ ಕದ್ದುಮುಚ್ಚಿ ಮಾಡುತ್ತಾರೆ ಅಂತ ನನ್ನ ಅಂದಾಜು. ಏನೇ ಆದರೂ 62ಕ್ಕೆ ಓಡಿ ಹೋಗಿ ತೆಗೆದುಕೊಂಡರೆ ಆ ಕಡಿತದಿಂದ ತಪ್ಪಿಸಿಕೊಳ್ಳಬಹುದು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಕಡಿತ ಬಂದರೆ ಮೊದಲೇ ಇಳಿದ ಮೊತ್ತದ ಮೇಲೂ ಬರಬಹುದು.

ಈಗ ಮೆಡಿಕೇರ್. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ತಂದ ಕಾನೂನು, 65 ದಾಟಿದವರಿಗೆ. ಇದರ ಬಗ್ಗೆ ನಮ್ಮವರಲ್ಲಿರುವ ತಪ್ಪು ಕಲ್ಪನೆ ಅಂದರೆ "65 ಆದ್ರೆ ಎಲ್ಲ ಫ್ರೀ". ಆಸ್ಪತ್ರೆ ಖರ್ಚಿನ ಪಾರ್ಟ್ ಎ ಮಾತ್ರ 40 ಕ್ರೆಡಿಟ್ ಇದ್ದವರಿಗೆ ಪ್ರೀಮಿಯಂ ಇಲ್ಲದೆ ಸಿಗುತ್ತದೆ. ಅದರಲ್ಲೂ ಅಡ್ಮಿಟ್ ಆದರೆ ಮೊದಲ 1,676 ಡಾಲರ್ (2025ರ ಲೆಕ್ಕ) ನಿಮ್ಮದೇ. ಡಾಕ್ಟರ್, ಟೆಸ್ಟು, ಸ್ಕ್ಯಾನು ಎಲ್ಲ ಬರುವುದು ಪಾರ್ಟ್ ಬಿಯಲ್ಲಿ. ಅದಕ್ಕೆ 2025ರಲ್ಲಿ ತಿಂಗಳಿಗೆ 185 ಡಾಲರ್, 2026ಕ್ಕೆ 202.90. ಕಟ್ಟಿದ ಮೇಲೂ ಬಿಲ್ಲಿನ ಶೇ. 20 ನಿಮ್ಮ ತಲೆ ಮೇಲೆ, ಅದಕ್ಕೆ ಮೇಲ್ಮಿತಿ ಅಂತ ಇಲ್ಲ. ಕ್ಯಾನ್ಸರ್ ಚಿಕಿತ್ಸೆಯ ಬಿಲ್ಲಿನ ಶೇ. 20 ಎಷ್ಟಾಗಬಹುದು, ನೀವೇ ಯೋಚಿಸಿ. ಅದಕ್ಕೇ ಜನ ಮೆಡಿಗ್ಯಾಪ್ ಅನ್ನುವ ಖಾಸಗಿ ಪಾಲಿಸಿ ಸೇರಿಸಿಕೊಳ್ಳುತ್ತಾರೆ, ಇಲ್ಲವೇ ಎಲ್ಲವನ್ನೂ ಖಾಸಗಿ ಕಂಪನಿ ನಡೆಸುವ ಅಡ್ವಾಂಟೇಜ್ ಪ್ಲಾನಿಗೆ ಹೋಗುತ್ತಾರೆ. ಔಷಧಿಗೆ ಪಾರ್ಟ್ ಡಿ ಬೇರೆ. ಅದರಲ್ಲಿ ಒಳ್ಳೆಯ ಸುದ್ದಿ, 2025ರಿಂದ ಪಟ್ಟಿಯಲ್ಲಿರುವ ಔಷಧಿಗೆ ವರ್ಷಕ್ಕೆ ಕೈಯಿಂದ ಹೋಗುವುದು 2,000 ಡಾಲರ್ ದಾಟುವ ಹಾಗಿಲ್ಲ, 2026ಕ್ಕೆ ಅದು 2,100.

ಅಡ್ವಾಂಟೇಜ್ ಪ್ಲಾನಿನ ಜಾಹೀರಾತು ನೋಡಿದರೆ ಹಲ್ಲು, ಕನ್ನಡಕ, ಜಿಮ್ಮು ಎಲ್ಲ ಕೊಡುತ್ತೇವೆ ಅನ್ನುತ್ತಾರೆ. ಕೊಡುತ್ತಾರೆ ಕೂಡ. ಬದಲಿಗೆ ಸಾಮಾನ್ಯವಾಗಿ ಅವರ ಪಟ್ಟಿಯಲ್ಲಿರುವ ಡಾಕ್ಟರಿಗೇ ಹೋಗಬೇಕು, ದೊಡ್ಡ ಚಿಕಿತ್ಸೆಗೆ ಮೊದಲೇ ಅವರ ಅನುಮತಿ ಬೇಕು. ಆರೋಗ್ಯವಾಗಿರುವಾಗ ಇದು ಗೊತ್ತಾಗುವುದಿಲ್ಲ. ಕಾಯಿಲೆ ಬಿದ್ದಮೇಲೆ ಮೆಡಿಗ್ಯಾಪ್‌ಗೆ ಹೋಗೋಣ ಅಂದರೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ಆರೋಗ್ಯದ ಪ್ರಶ್ನೆ ಕೇಳಿ ಬೇಡ ಅನ್ನಬಹುದು. ಕೇಳದೆ ಕೊಡಲೇಬೇಕಾದ್ದು, 65 ತುಂಬಿ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳು. ದುಡ್ಡು ಇದ್ದರೆ ನಾನಂತೂ ಮೆಡಿಗ್ಯಾಪ್ ಪಕ್ಷ.

65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಒಟ್ಟು ಏಳು ತಿಂಗಳಲ್ಲಿ ಸೇರಿಕೊಳ್ಳಬೇಕು. "ನಂಗೇನಾಗಿದೆ, ಗಟ್ಟಿಮುಟ್ಟಾಗಿದ್ದೀನಿ" ಅಂತ ಪಾರ್ಟ್ ಬಿ ಬಿಟ್ಟರೆ ತಡ ಮಾಡಿದ ಪ್ರತಿ ಹನ್ನೆರಡು ತಿಂಗಳಿಗೆ ಶೇ. 10 ದಂಡ, ಅದೂ ಜೀವಮಾನವಿಡೀ. ಇನ್ನೂ ಕೆಲಸದಲ್ಲಿದ್ದು, ಇಪ್ಪತ್ತು ಅಥವಾ ಹೆಚ್ಚು ಜನರಿರುವ ಕಂಪನಿಯ ಇನ್ಶುರೆನ್ಸ್ ಇದ್ದರೆ ತಡ ಮಾಡಬಹುದು, ಕೆಲಸ ಬಿಟ್ಟ ಮೇಲೆ ಎಂಟು ತಿಂಗಳು ಸಮಯ ಇದೆ. ಲೇಆಫ್ ಆಗಿ ಕೋಬ್ರಾದಲ್ಲಿ, ಅಂದರೆ ಹಳೆಯ ಕಂಪನಿಯ ಇನ್ಶುರೆನ್ಸನ್ನೇ ಕೈಯಿಂದ ದುಡ್ಡು ಕಟ್ಟಿ ಮುಂದುವರಿಸಿಕೊಂಡು, ಇರುವವರು ಹುಷಾರು. ಕೋಬ್ರಾ ಈ ಲೆಕ್ಕಕ್ಕೆ ಬರುವುದಿಲ್ಲ, ಆ ಎಂಟು ತಿಂಗಳು ಅದರ ಪಾಡಿಗೆ ಓಡುತ್ತಿರುತ್ತದೆ. ಇನ್ನೊಂದು, ಪ್ರೀಮಿಯಂ ನಿರ್ಧಾರ ಆಗುವುದು ಎರಡು ವರ್ಷ ಹಿಂದಿನ ಆದಾಯದ ಮೇಲೆ. 63ರಲ್ಲಿ ಊರಿನ ಸೈಟು ಮಾರಿ ದೊಡ್ಡ ಲಾಭ ಬಂದಿದ್ದರೆ ಅದು ಇಲ್ಲಿನ ತೆರಿಗೆ ಲೆಕ್ಕಕ್ಕೂ ಬರುತ್ತದೆ, 65ಕ್ಕೆ ಪಾರ್ಟ್ ಬಿ ದುಬಾರಿಯಾಗುತ್ತದೆ. 2025ರಲ್ಲಿ ದಂಪತಿಗೆ 2,12,000 ದಾಟಿದರೆ ಏರಿಕೆ ಶುರು, ಅತಿ ಮೇಲಿನವರಿಗೆ ತಲೆಗೆ ತಿಂಗಳಿಗೆ 628.90.

ಮೆಡಿಕೇರ್ ಕೊಡದೇ ಇರುವುದರಲ್ಲಿ ದೊಡ್ಡದು ಅಂದರೆ ದೀರ್ಘಕಾಲದ ಆರೈಕೆ. ಸ್ನಾನ ಮಾಡಿಸಲು, ಊಟ ಮಾಡಿಸಲು ಜನ ಬೇಕಾದರೆ ಅದು ನಿಮ್ಮ ಕೈಯಿಂದ. ಆಸ್ಪತ್ರೆಯಿಂದ ಬಂದಮೇಲೆ ನರ್ಸಿಂಗ್ ಫೆಸಿಲಿಟಿಯಲ್ಲಿ ನೂರು ದಿನದ ತನಕ ಕೊಡುತ್ತಾರೆ, ಮೊದಲ ಇಪ್ಪತ್ತು ದಿನ ಪೂರ್ತಿ. ಆದರೆ ಅದಕ್ಕೆ ಮೊದಲು ಮೂರು ದಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿರಬೇಕು. ನಮ್ಮ ಪರಿಚಯದ ಹಿರಿಯರೊಬ್ಬರು ಬಿದ್ದು ಸೊಂಟಕ್ಕೆ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಮಂಚ, ಡ್ರಿಪ್ಪು, ಕೈಗೆ ಪಟ್ಟಿ, ಊಟ, ರಾತ್ರಿ ಪಾಳಿಯ ನರ್ಸು, ಎಲ್ಲ ಇತ್ತು. ನಾಲ್ಕನೇ ದಿನ ಫೆಸಿಲಿಟಿಗೆ ಕಳಿಸುವಾಗ ಗೊತ್ತಾಯಿತು, ಅವರನ್ನು ಅಡ್ಮಿಟ್ ಮಾಡಿಯೇ ಇರಲಿಲ್ಲ, "ಅಬ್ಸರ್ವೇಶನ್"ನಲ್ಲಿ ಇಟ್ಟಿದ್ದರು. ಕಾಗದದ ಮೇಲೆ ಅವರು ಹೊರರೋಗಿ. ಮಗನಿಗೆ ಎರಡನೇ ದಿನವೇ ಒಂದು ನೋಟಿಸಿಗೆ ಸಹಿ ಹಾಕಿಸಿಕೊಂಡಿದ್ದರು, 24 ಗಂಟೆ ದಾಟಿದ ಅಬ್ಸರ್ವೇಶನ್‌ಗೆ ಅದನ್ನು ಕೊಡಲೇಬೇಕು ಅನ್ನುವ ನಿಯಮ ಇದೆ. ಆ ಗಡಿಬಿಡಿಯಲ್ಲಿ ಓದುವವರು ಯಾರು? ಫೆಸಿಲಿಟಿಯ ಬಿಲ್ ಪೂರ್ತಿ ಮನೆಯವರೇ ಕಟ್ಟಿದರು. ನಿಮ್ಮವರು ಆಸ್ಪತ್ರೆಯಲ್ಲಿದ್ದರೆ ದಿನಾ ಕೇಳಿ, "ಇನ್‌ಪೇಷಂಟಾ, ಅಬ್ಸರ್ವೇಶನ್ನಾ?" ಅಂತ. ಡಾಕ್ಟರ್ ಹತ್ತಿರ ವಾದ ಮಾಡುವುದಿದ್ದರೆ ಆಗಲೇ ಮಾಡಬೇಕು.

ಅಪ್ಪ ಅಮ್ಮನನ್ನು ಗ್ರೀನ್ ಕಾರ್ಡ್ ಮಾಡಿಸಿ ಕರೆತಂದವರಿಗೆ ಬೇರೆ ಲೆಕ್ಕ. 65 ದಾಟಿದ್ದು, ಗ್ರೀನ್ ಕಾರ್ಡ್ ಮೇಲೆ ಸತತ ಐದು ವರ್ಷ ಇಲ್ಲಿ ಇದ್ದರೆ ಮೆಡಿಕೇರ್ ಕೊಂಡುಕೊಳ್ಳಬಹುದು. ಇಲ್ಲಿ ದುಡಿದ ದಾಖಲೆ ಇಲ್ಲದ್ದರಿಂದ ಪಾರ್ಟ್ ಎಗೂ ಪ್ರೀಮಿಯಂ, 2025ರಲ್ಲಿ ತಿಂಗಳಿಗೆ 518 ಡಾಲರ್, ಜೊತೆಗೆ ಬಿ. ಇಬ್ಬರಿಗೂ ಸೇರಿ ತಿಂಗಳಿಗೆ 1,406. ಮಕ್ಕಳ ಕ್ರೆಡಿಟ್ ಅಪ್ಪ ಅಮ್ಮನಿಗೆ ಬರುವುದಿಲ್ಲ, ಗಂಡ ಹೆಂಡತಿಯದು ಒಬ್ಬರಿಂದ ಒಬ್ಬರಿಗೆ ಬರುತ್ತದೆ. ಐದು ವರ್ಷದ ನಡುವೆ ಊರಿಗೆ ಹೋಗಿ ತಿಂಗಳುಗಟ್ಟಲೆ ಕೂತುಬಿಟ್ಟರೆ "ಸತತ" ಅನ್ನುವುದಕ್ಕೆ ಕುತ್ತು ಬರಬಹುದು. ಟೂರಿಸ್ಟ್ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಪ್ರಶ್ನೆಯೇ ಇಲ್ಲ.

ನಾವೇ ರಿಟೈರ್ ಆಗಿ ಊರಿಗೆ ಹೋದರೆ? ಅಮೆರಿಕಾ ಪೌರತ್ವ ಇದ್ದವರಿಗೆ ಪಿಂಚಣಿ ಭಾರತಕ್ಕೂ ಬರುತ್ತದೆ. ಮೆಡಿಕೇರ್ ಬರುವುದಿಲ್ಲ, ಅಲ್ಲಿನ ಆಸ್ಪತ್ರೆಗೆ ಅದು ಒಂದು ಡಾಲರ್ ಕೊಡುವುದಿಲ್ಲ. ಹಾಗಂತ ಪಾರ್ಟ್ ಬಿ ನಿಲ್ಲಿಸಿ ಹತ್ತು ವರ್ಷ ಬಿಟ್ಟು ಮೊಮ್ಮಕ್ಕಳ ಹತ್ತಿರ ವಾಪಸ್ ಬಂದರೆ ದಂಡವೇ ಪ್ರೀಮಿಯಂನ ದುಪ್ಪಟ್ಟು ಮಾಡುತ್ತದೆ. ಬಳಸದ ಇನ್ಶುರೆನ್ಸಿಗೆ ವರ್ಷವರ್ಷ ಕಟ್ಟುವುದೋ, ವಾಪಸ್ ಬರುವ ಬಾಗಿಲು ದುಬಾರಿ ಮಾಡಿಕೊಳ್ಳುವುದೋ, ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಮಕ್ಕಳು ಅಮೆರಿಕಾದಲ್ಲೇ ಇದ್ದರೆ ಕಟ್ಟುವುದೇ ವಾಸಿ ಅಂತ ನನಗನ್ನಿಸುತ್ತದೆ.

ಎಷ್ಟೇ ವಯಸ್ಸಿರಲಿ, ಈ ವಾರವೇ ಮಾಡಬಹುದಾದ ಒಂದು ಕೆಲಸ ಇದೆ. ಸೋಶಿಯಲ್ ಸೆಕ್ಯುರಿಟಿ ವೆಬ್‌ಸೈಟಿನಲ್ಲಿ ಖಾತೆ ತೆರೆದು, ವರ್ಷವರ್ಷದ ದುಡಿಮೆ ಸರಿಯಾಗಿ ಬಿದ್ದಿದೆಯಾ ಅಂತ ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಂಬಳದ ಲೆಕ್ಕದ ಹಾಳೆ, ಹಳೆಯ ಡಬ್ಲ್ಯೂ-2 ಪಕ್ಕದಲ್ಲಿಟ್ಟುಕೊಂಡು ನೋಡಿ. ನಮ್ಮ ಕಡೆಯವರ ಹೆಸರಿನ ಗೋಜಲು ಗೊತ್ತಲ್ಲ. ಒಂದು ಕಡೆ ಬರೀ ಇನಿಶಿಯಲ್, ಇನ್ನೊಂದು ಕಡೆ ಅದೇ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಗೆ ಸೇರಿಕೊಂಡಿರುತ್ತದೆ, ಮೊದಲ ಕಂಪನಿಯವರು ಎರಡನ್ನೂ ತಿರುಗಾಮುರುಗಾ ಮಾಡಿರುತ್ತಾರೆ. ಕಾರ್ಡಿನ ಹೆಸರು, ನಂಬರ್ ಎರಡೂ ಹೊಂದದಿದ್ದರೆ ಆ ವರ್ಷದ ದುಡಿಮೆ ನಿಮ್ಮ ದಾಖಲೆಗೆ ಬಾರದೆ ವಾರಸುದಾರರಿಲ್ಲದ ಒಂದು ಕಡತಕ್ಕೆ ಹೋಗಿ ಬೀಳುತ್ತದೆ. ಸರಿಪಡಿಸಲು ಇರುವ ಗಡುವು ಆ ವರ್ಷ ಮುಗಿದ ಮೇಲೆ 3 ವರ್ಷ, 3 ತಿಂಗಳು, 15 ದಿನ. ಅದು ದಾಟಿದರೂ ಕೆಲವು ಸಂದರ್ಭಗಳಲ್ಲಿ ತಿದ್ದುತ್ತಾರೆ, ಕೈಯಲ್ಲಿ ಡಬ್ಲ್ಯೂ-2 ಇದ್ದರೆ ಕೇಳಿ ನೋಡಿ. ಇಲ್ಲದಿದ್ದರೆ ಹಳೆ ಪೇ ಸ್ಲಿಪ್ಪು, ಟ್ಯಾಕ್ಸ್ ರಿಟರ್ನ್, ಏನಿದೆಯೋ ಅದನ್ನೇ ಹುಡುಕಿಡಿ.